ಮೂರು ಊರಿನ ಮೂರು ಬಾಟಲಿ

ಕಳೆದ ಮಾರ್ಚ್‌ನ ಎರಡನೇ ಶನಿವಾರ ಸಂಜೆ ಐದೂಕಾಲಿಗೆ, ಐವತ್ತೆಂಟನೇ ವಯಸ್ಸಿನಲ್ಲಿ, ನಾನು ಕುಂದಾಪುರದ ವೈನ್ ಶಾಪಿನ ಮೆಟ್ಟಿಲನ್ನು ಗಿರಾಕಿಯಾಗಿ ಹತ್ತಿದೆ. ಅದುವರೆಗೆ ಹತ್ತಿದ್ದು ವರದಿಗಾರನಾಗಿ ಮಾತ್ರ. ‘ಅಕ್ರಮ ಮದ್ಯ ವಶ’ ಎಂದು ಎಷ್ಟು ಸಲ ಬರೆದಿದ್ದೇನೋ. ವಶವಾದದ್ದರ ರುಚಿ ಏನೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಹತ್ತಿದ್ದಕ್ಕೆ ಕಾರಣ ನನ್ನ ಹೆಂಡತಿ ಜಲಜ. ಗಂಗೊಳ್ಳಿಯ ಮೀನು ವ್ಯಾಪಾರದ ಮನೆಯವಳು. ಬುಟ್ಟಿಯ ಮುಚ್ಚಳ ತೆಗೆಯುವ ಮೊದಲೇ ಬಂಗುಡೆ ಇವತ್ತಿನದೋ ನಿನ್ನೆಯದೋ ಹೇಳುತ್ತಿದ್ದಳು. ಜನವರಿಯಲ್ಲಿ ಬಂದ ಜ್ವರ ವಾರದಲ್ಲಿ ಬಿಟ್ಟಿತು. ಹೋಗುವಾಗ ಅವಳ ಮೂಗು, ನಾಲಿಗೆ ಎರಡನ್ನೂ ಕೊಂಡುಹೋಯಿತು. ರುಚಿ ಮರಳುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರು. ಜಲಜ ನಾಲ್ಕು ತುತ್ತಿಗೇ ಊಟ ಬಿಟ್ಟು ಏಳತೊಡಗಿದಳು. ರವಿಕೆಗಳು ಸಡಿಲವಾದವು. ನಾನು ಅವಳಿಗೆ ಇಷ್ಟವಾದದ್ದನ್ನೆಲ್ಲ ತಂದೆ. ತಂದಷ್ಟೂ ಅವಳಿಗೆ ಸಂಕಟ.

“ಗೊತ್ತಿದ್ದದ್ದ್ ತರ್ಬೇಡಿ ಮಾರಾಯ್ರೆ,” ಎಂದಳು ಒಂದು ದಿನ. “ಮೊದ್ಲ್ ಹ್ಯಾಂಗಿತ್ತ್ ಅಂದೇಳಿ ನೆನಪಾತ್ತ್. ನಾ ಒಂದ್ಸಲವೂ ಬಾಯಿಗ್ ಹಾಕ್ದೇ ಇಪ್ಪದ್ದ್ ಎಂತಾರೂ ತನ್ನಿ.”

ಹುಡುಕಿದರೆ ಅಂಥದ್ದು ಉಳಿದದ್ದು ವೈನ್ ಒಂದೇ. ಔಷಧಿಯೆಲ್ಲ ಮುಗಿದಿದೆ, ಎರಡು ಗುಟುಕಿಗೆ ಅಡ್ಡಿಯಿಲ್ಲ, ಪ್ರಯೋಜನವೂ ಇಲ್ಲ ಎಂದರು ಡಾಕ್ಟರು.

ಕುಂದಾಪುರದ ಅಂಗಡಿಯ ಫಲಕದಲ್ಲಿ ವೈನ್ ದೊಡ್ಡದಾಗಿತ್ತು. ಒಳಗೆ ಮಾತ್ರ ಮೂಲೆಯಲ್ಲಿ ನಾಲ್ಕು ಬಾಟಲಿ, ಮೇಲೆ ಧೂಳು. “ವೈನಾ ಸರ್?” ಎಂದು ಅಂಗಡಿಯವನು ದನಿ ತಗ್ಗಿಸಿದ. “ಮನ್ಯಗೆ ಬಾಣಂತಿ ಇದ್ರಾ?” ನಮ್ಮ ಕಡೆ ವೈನ್ ಕೊಳ್ಳಲು ಇರುವ ಮರ್ಯಾದಸ್ಥ ಕಾರಣ ಬಾಣಂತಿಯ ಔಷಧಿ ಒಂದೇ. ಹೌದೆಂದೆ. ಕಾರಿಗೆ ಬಂದು ಹೇಳಿದಾಗ, ಅಲ್ಲಿ ಕಾಯುತ್ತಿದ್ದ ಐವತ್ತೈದರ ಬಾಣಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ನಗು ಕೇಳಿ ವಾರಗಳಾಗಿದ್ದವು.

ಬಾಯಿಗಿಟ್ಟ ಕೂಡಲೇ ರುಚಿಸುವ ಕಾವ್ಯವನ್ನು ಹಿಂದಿನವರು ದ್ರಾಕ್ಷಾಪಾಕ ಎಂದರು. ಒಡೆದು ಸುಲಿದು ತಲುಪಬೇಕಾದದ್ದನ್ನು ನಾರಿಕೇಳಪಾಕ ಎಂದರು. ಮನೆಗೆ ತಂದು ತೆರೆದ ಈ ಕೆಂಪು ವೈನಿನ ದ್ರಾಕ್ಷಿ ಮಾತ್ರ ತೆಂಗಿನಕಾಯಿಯ ಜಾತಿಗೆ ಸೇರಿದ್ದು. ಬರೀ ಒಗರು.

“ನಿಮ್ಗೆ ಹ್ಯಾಂಗಿತ್ತ್?”

“ಎಂತದೂ ಗೊತ್ತಾಯಿಲ್ಲೆ.”

“ನಂಗೂ,” ಎಂದಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಊಟದ ಮೇಜಿನಲ್ಲಿ ನಾವಿಬ್ಬರೂ ಸಮಾನರಾಗಿದ್ದೆವು.

ಕುಂದಾಪುರದಲ್ಲೇ ಇನ್ನೊಂದು ಬಾಟಲಿ ಕೇಳಿದ್ದರೆ ಮಗುವಿಗೆ ಹೆಸರನ್ನೂ ಇಟ್ಟುಬಿಡುತ್ತಿದ್ದರು. ಮುಂದಿನ ಶನಿವಾರ ಬೈಂದೂರಿಗೆ ಹೋದೆವು. ಈ ಸಲ ಜಲಜಳೂ ಕಾರಿನಿಂದ ಇಳಿದಳು. ಅಂಗಡಿಯವನು ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಬಾಟಲಿಗಳ ಮೇಲೆ ಪಡುವಣದ ಬಿಸಿಲು ಬಿದ್ದಿತ್ತು. ಒಂದನ್ನು ಮುಟ್ಟಿ ನೋಡಿ ಅವಳು ಕೈ ಹಿಂದೆಗೆದಳು. “ಬಿಸ್ಲಗೆ ಇಟ್ಟದ್ದ್ ಮೀನೂ ಬ್ಯಾಡ, ವೈನೂ ಬ್ಯಾಡ.” ವೈನ್ ಎಲ್ಲಿ ಕೊಳ್ಳಬೇಕು ಎಂಬುದರ ಬಗ್ಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಇನ್ನೂ ಕೇಳಿಲ್ಲ. ಒಳಗಿನ ನೆರಳಿನಿಂದ ತೆಗೆಸಿದ ಬಾಟಲಿ ನನಗೆ ಕೆಮ್ಮಿನ ಔಷಧಿಯಂತೆ ಸಿಹಿ, ಅವಳಿಗೆ ನೀರು.

ಮೂರನೆಯದು ಬ್ರಹ್ಮಾವರದಲ್ಲಿ. ಅಂಗಡಿಯವರು ಮುಂಬೈಯ ಹೋಟೆಲಿನಲ್ಲಿ ದುಡಿದು ಬಂದವರು. ಹೆಸರುಗಳನ್ನು ಹೇಳಿ ಹೆದರಿಸಲಿಲ್ಲ. “ಅಕ್ಕ, ಚಾಕ್ಕೆ ಸಕ್ರೆ ಜಾಸ್ತಿ ಬೇಕಾ, ಕಮ್ಮಿಯಾ?” ಎಂದು ಕೇಳಿದರು.

“ಈಗ ಎಲ್ಲ ಒಂದೇ ಅಣ್ಣ. ಜ್ವರ ಬಂದ್ ನಾಲ್ಗೆ ಹೋಯ್ತ್.”

ಅವರು ಫ್ರಿಜ್ಜಿನಿಂದ ಬಿಳಿ ವೈನಿನ ಸಣ್ಣ ಬಾಟಲಿ ತೆಗೆದರು. “ಇದ್ ತಂಪ್ ಮಾಡಿಯೇ ಕುಡಿಕ್.”

ಮನೆಯಲ್ಲಿ ಒಂದು ಗುಟುಕು ಕುಡಿದು ಜಲಜ ಕಣ್ಣು ಮುಚ್ಚಿದಳು. “ಅಡ್ಡಿಲ್ಲೆ. ನಾಲ್ಗೆ ಬದಿಯಗೆ ಚೂರ್ ಚುರ್ ಅಂತ್.” ನಮಗೆ ಯಾವ ವೈನ್ ಇಷ್ಟ ಎಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು ಎಂದುಕೊಂಡೆವು. ಶನಿವಾರಕ್ಕೆ ಎರಡು ಗುಟುಕು, ಜೊತೆಗೆ ನಾಲ್ಕಿದ್ದ ತುತ್ತು ಆರಾಯಿತು. ತುತ್ತು ಎಣಿಸುವುದು ಅವಳಿಗೆ ಗೊತ್ತಾಗದಂತೆ ನಾನು ಪತ್ರಿಕೆ ಹಿಡಿದು ಕೂರುತ್ತಿದ್ದೆ.

ಮೊನ್ನೆ ಶನಿವಾರ ಅದೇ ಅಂಗಡಿಯ ಅದೇ ವೈನಿನ ಹೊಸ ಬಾಟಲಿ ತೆರೆದೆ. ಒಂದು ಗುಟುಕಿಗೆ ಅವಳು ಮುಖ ಕಿವುಚಿದಳು.

“ಹ್ವಾಯ್, ಇದೆಂತ ಇಷ್ಟ್ ಹುಳಿ! ಇಷ್ಟ್ ದಿನ ಇದನ್ನ ಹ್ಯಾಂಗ್ ಕುಡ್ದೆ ನಾ?”

ಲೋಟವನ್ನು ಮೂಸಿದಳು. ನನ್ನ ಲೋಟವನ್ನೂ ತೆಗೆದುಕೊಂಡು ಮೂಸಿದಳು. ಆಮೇಲೆ ಎರಡನ್ನೂ ಕೆಳಗಿಟ್ಟು, ನನ್ನ ಮುಖವನ್ನೇ ನೋಡುತ್ತ ಕುಳಿತಳು.

“ಇದ್ ಬ್ಯಾಡ,” ಎಂದಳು ಮೆಲ್ಲಗೆ. “ಬೇರೆ ಕಾಂಬ.”

ಬಾಟಲಿ ಮುಕ್ಕಾಲು ಉಳಿದಿದೆ. ನಮಗೆ ಯಾವ ವೈನ್ ಇಷ್ಟವೆಂದು ಇದುವರೆಗೆ ತಿಳಿದುಬಂದಿಲ್ಲ.