ಚಕ್ಕುಲಿ ಕವರಿನ ಮೇಲಿನ ಮುಖ

ಬಸವೇಶ್ವರನಗರದ ನಮ್ಮ ರಸ್ತೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಮೊದಲು ಚಕ್ಕುಲಿ ಗಾಜಿನ ಜಾಡಿಯಲ್ಲಿರುತ್ತಿತ್ತು. ಕೇಳಿದರೆ ಪೇಪರಿನಲ್ಲಿ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಆಮೇಲೆ ಬಂದದ್ದು ಮೇಣದಬತ್ತಿಯ ಉರಿಯಲ್ಲಿ ಬಾಯಿ ಅಂಟಿಸಿದ ಪ್ಲಾಸ್ಟಿಕ್ ಕವರ್. ಈಗೇನಿದ್ದರೂ ಮಿರಮಿರ ಮಿಂಚುವ ಪೌಚು. ಅರ್ಧ ತಿಂಡಿ, ಅರ್ಧ ಗಾಳಿ. ಆ ಗಾಳಿ ಮಾರುವವರಲ್ಲಿ ನಾನೂ ಒಬ್ಬಳು. ತಿಂಡಿ ಕವರ್ ಡಿಸೈನ್ ಮಾಡುವುದೇ ನನ್ನ ಹೊಟ್ಟೆಪಾಡು.

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ರಾಣೆಬೆನ್ನೂರಿನವರು. ಮನೆಯಲ್ಲೇ ಚಕ್ಕುಲಿ ಕರಿದು ಮಾರುತ್ತಾರೆ. ಅದನ್ನೊಂದು ಬ್ರ್ಯಾಂಡ್ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದವಳು ನಾನು. ಹಿಟ್ಟಿನ ಹದ ಅವರಿಗೆ ಕಲಿಸಿದ್ದು ಅವರ ತಾಯಿ. ಆ ಅಜ್ಜಿ ಇಲ್ಲಿಗೆ ಬಂದಾಗ ಕಿಟಕಿಯ ಬೆಳಕಿಗೆ ಕೂರಿಸಿ ಫೋಟೋ ತೆಗೆದೆ. "ನನ್ನ ಮಾರಿ ನೋಡಿ ಯಾರು ತಗೋತಾರ ಬಿಡವ್ವಾ," ಎಂದು ನಕ್ಕರು. ಆ ನಗುವನ್ನೇ ಕವರಿನ ಮೇಲೆ ಅಚ್ಚು ಹಾಕಿಸಿದೆ. ವಿಜಯನಗರದ ದೊಡ್ಡದೊಂದು ಸೂಪರ್ ಮಾರ್ಕೆಟ್ಟು ದೀಪಾವಳಿಗೆ ಆರ್ಡರ್ ಕೊಟ್ಟಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆರ್ಡರ್ ಮುಟ್ಟಿಸಬೇಕಾದ ವಾರವೇ ಅಜ್ಜಿ ತೀರಿಕೊಂಡರು. ಅತ್ತಿಗೆ ಮಣ್ಣಿಗೆಂದು ರಾಣೆಬೆನ್ನೂರಿಗೆ ಹೋದರು. ತೀರಿಕೊಂಡವರ ಹೆಸರಲ್ಲಿ ಮಾಡುವ ಶಿವಗಣಾರಾಧನೆ ಮುಗಿಯುವ ತನಕ ಎಣ್ಣೆ ಬಾಣಲೆ ಒಲೆ ಹತ್ತಬಾರದು ಅನ್ನುವುದು ಅವರ ತವರಿನ ಪದ್ಧತಿ. ನನಗದು ಗೊತ್ತಿತ್ತು. ಗೊತ್ತಿದ್ದೂ ಫೋನ್ ಮಾಡಿದೆ.

"ನಮ್ಮಲ್ಲಿ ಸೂತಕ ಅನ್ನೋದೇ ಇಲ್ವಲ್ಲ ಅತ್ತಿಗೆ? ಶರಣರು ಅದನ್ನೆಲ್ಲ ಯಾವತ್ತೋ ಬಿಟ್ಟಾಯ್ತು. ಬಂದು ಕರಿದುಕೊಟ್ಟು ಆರಾಧನೆಗೆ ಹೋಗಿ, ನಾನೂ ಬರ್ತೀನಿ. ಈ ಸಲ ತಪ್ಪಿದ್ರೆ ಇನ್ಯಾರದೋ ಚಕ್ಕುಲಿ ಬಂದು ಕೂರತ್ತೆ ಅಷ್ಟೆ."

ಕೊರಳಿಗೆ ಲಿಂಗ ಕಟ್ಟಿಕೊಳ್ಳಲು ಸೋಮಾರಿತನ ಮಾಡುವ ನಾನು ಶರಣರ ಮಾತೆತ್ತಿದೆ! ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅತ್ತಿಗೆ ಬಂದರು. ಕರಿದರು. ನಾನು ತುಂಬಿಸಿ ಸೀಲ್ ಮಾಡಿದೆ. ಊಟಕ್ಕೆಂದು ನಾನು ಎದ್ದಾಗ ಮೆಷಿನ್ ಮುಂದೆ ಅವರೇ ಕೂತರು. ಬಂದು ನೋಡಿದರೆ ಒಂದೊಂದು ಕವರನ್ನೂ ಬೋರಲಾಗಿ ಮಲಗಿಸಿ ಜೋಡಿಸುತ್ತಿದ್ದರು, ತಾಯಿಯ ಮುಖ ಕಾಣದ ಹಾಗೆ. ಆಗಲಾದರೂ ಸಾಕು ಬಿಡಿ ಎನ್ನಬೇಕಿತ್ತು. "ಸ್ವಲ್ಪ ಬೇಗ ಆಗ್ಲಿ ಅತ್ತಿಗೆ, ಗಾಡಿ ಬರತ್ತೆ," ಅಂದೆ.

ಆರಾಧನೆಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಬಾಗಿಲಲ್ಲೇ ಅತ್ತಿಗೆಯ ಅಕ್ಕ ಅವರನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಅಳುತ್ತಲೇ ಹಿಂದೆ ಸರಿದರು.

"ಏನಬೇ ಇದು, ತಲಿಯೆಲ್ಲಾ ಕರದ ಎಣ್ಣಿ ವಾಸನಿ?"

ಹೊರಡುವ ಮುಂಚೆ ಅತ್ತಿಗೆ ತಲೆಗೆ ನೀರು ಹಾಕಿಕೊಂಡಿದ್ದರು. ಆದರೂ ವಾಸನೆ ಹೋಗಿರಲಿಲ್ಲ. ಹೆಂಗಸರೆಲ್ಲ ಇತ್ತ ತಿರುಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. "ಬಸ್ಸಿನ್ಯಾಗ ಮುಂದಿನ ಸೀಟಿನವ್ರು ಬಜ್ಜಿ ತಿನ್ನಾಕತ್ತಿದ್ರಕ್ಕಾ," ಅಂದರು.

"ಹೋಗು, ತಲಿ ತೊಳಕೊಂಡ ಬಾ. ಹಿಂಗ ಅವ್ವನ ಫೋಟೋದ ಮುಂದ ಕುಂಡ್ರಬ್ಯಾಡ."

ಅವರು ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ಕೇಳುತ್ತಿರುವಾಗಲೇ ಒಳಗೆ ಪೂಜೆ ಶುರುವಾಯಿತು. ಹೊತ್ತಾಯಿತೆಂದು ಯಾರೂ ಅವರಿಗಾಗಿ ಕಾಯಲಿಲ್ಲ. ಮಗಳು ಕೂರಬೇಕಾದ ಮುಂದಿನ ಸಾಲಿನಲ್ಲಿ, ದೂರದಿಂದ ಬಂದವಳೆಂದು, ನನ್ನನ್ನು ಕೂರಿಸಿದರು. ನಾನು ಕೂತೆ.