ಅಲುಗಾಡಿಸಿದ ಬಾಟಲಿ

ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಅಮೀನಪ್ಪ ಎಂಬ ಜವಾನನಿದ್ದ. ಇಳಕಲ್ಲಿನವನು. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಕುದಿಸಿ, ಅಂಟು ಬಿಡಿಸಿ, ಬಣ್ಣ ಹಾಕುವ ಮನೆತನ. ಅಣ್ಣನ ಜೊತೆ ಜಗಳವಾಡಿ, ಉಟ್ಟ ಬಟ್ಟೆಯಲ್ಲೇ ಹೊರಬಿದ್ದು, ೧೯೭೨ರಲ್ಲಿ ಈ ನೌಕರಿ ಹಿಡಿದಿದ್ದ. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಆದರೆ ಅವನ ಕೈಕೆಲಸಕ್ಕೆ ಹೆಸರಿಡುವವರು ಇಳಕಲ್ಲಿನಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ.

ಅದೇ ಕಾಲೇಜಿನ ಪ್ರೊಫೆಸರ್ ಸಂಗಯ್ಯ ಹುನಗುಂದದವನು. ಮುಖದೆದುರು ಎಲ್ಲರೂ ಸರ್ ಎನ್ನುತ್ತಿದ್ದರು. ಈ ಕತೆಯಲ್ಲಿ ಅವನಿಗೆ ಅಷ್ಟು ಮರ್ಯಾದೆಯ ಅಗತ್ಯ ನನಗೆ ಕಾಣುವುದಿಲ್ಲ. ರೇಷ್ಮೆಯ ಪ್ರೋಟೀನು ನೀರಿನಲ್ಲಿ ಕರಗಿದಾಗ ಯಾವ ಆಕಾರದಲ್ಲಿರುತ್ತದೆ ಎಂದು ತಿಳಿಯುವುದು ಅವನ ಹುಚ್ಚು. ಅದಕ್ಕೆ ಜರ್ಮನಿಯಲ್ಲಿ ಸಿಂಕ್ರೊಟ್ರಾನ್ ಎಂಬ ಭಾರಿ ಯಂತ್ರವಿತ್ತು. ಉಂಗುರದಂಥ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿದರೆ, ದವಾಖಾನೆಯಲ್ಲಿ ಕಾಣುವುದಕ್ಕಿಂತ ಎಷ್ಟೋ ಪಟ್ಟು ಜೋರಾದ ಎಕ್ಸ್‌ರೇ ಹೊಮ್ಮುತ್ತದೆ. ಅದನ್ನು ದ್ರಾವಣದ ಹನಿಯ ಮೂಲಕ ಹಾಯಿಸಿ, ಹೇಗೆ ಚದುರಿತೆಂದು ನೋಡಿ, ಪ್ರೋಟೀನಿನ ಗಾತ್ರ, ಆಕಾರ ಲೆಕ್ಕ ಹಾಕುತ್ತಾರೆ. ೧೯೮೫ರಲ್ಲಿ ಅಲ್ಲಿಯ ಗೆಳೆಯನೊಬ್ಬ ಸಂಗಯ್ಯನಿಗೆ ಆ ಯಂತ್ರ ಬಳಸಲು ಎರಡು ದಿನದ ಪಾಳಿ ಕೊಡಿಸಿದ.

ದ್ರಾವಣ ಮಾಡಿದವನು ಅಮೀನಪ್ಪ. ಸಂಗಯ್ಯ ಕುದಿಸಿದಾಗಲೆಲ್ಲ ಪ್ರೋಟೀನು ಚೂರುಚೂರಾಗುತ್ತಿತ್ತು. ಅಂಟು ಬಿಡಿಸಲು ಕುದಿಸುವ ಸೋಡಾ ನೀರಿನಿಂದ ರೇಷ್ಮೆಯನ್ನು ಯಾವಾಗ ಎತ್ತಬೇಕೆಂದು ಅಮೀನಪ್ಪ ಎಳೆಯನ್ನು ಬೆರಳಲ್ಲಿ ಉಜ್ಜಿಯೇ ಹೇಳುತ್ತಿದ್ದ. ಪ್ರಯೋಗಶಾಲೆಯ ಲಿಥಿಯಂ ಉಪ್ಪಿನ ದ್ರಾವಣದಲ್ಲಿ ಕರಗಿಸಿ, ತೆಳು ಪೊರೆಯ ಚೀಲದಲ್ಲಿ ತುಂಬಿ ನೀರಿನಲ್ಲಿಟ್ಟು, ಮೂರು ದಿನ ನೀರು ಬದಲಿಸಿ ಆ ಉಪ್ಪು ತೆಗೆದ. ಸಂಗಯ್ಯ ನಾಲ್ಕು ಬಾಟಲಿ ತುಂಬಿಸಿಕೊಂಡು ವಿಮಾನ ಹತ್ತಿದ.

ಹನ್ನೆರಡು ದಿನಕ್ಕೆ ತಿರುಗಿ ಬಂದವನ ಮುಖ ಗಂಟುಗಂಟು. ಪ್ರೋಟೀನು ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತಂತೆ, ಪಾಳಿ ಹಾಳಾಯಿತಂತೆ. ಜವಾನ ಹೊಲಸು ಪಾತ್ರೆಯಲ್ಲಿ ಮಾಡಿದ್ದೇ ಕಾರಣ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟ. ಅಮೀನಪ್ಪ ತಪ್ಪೊಪ್ಪಿ ಸಹಿ ಮಾಡಬೇಕು, ಇಲ್ಲವೇ ನೌಕರಿ ಬಿಡಬೇಕು.

ಹೆಂಡತಿ ಬಾಳವ್ವ ಕೈಮುಗಿದಳು. "ಒಂದ್ ಸಹಿ ಮಾಡಿ ಬಂದ್ಬಿಡ್ರಿ. ನಿಮ್ಮ ಗಂಟೇನ್ ಹೋಗ್ತದ?"

"ಹೊಲಸ ಕೈ ಅಂತ ನಾನಾ ಬರಕೊಟ್ರ, ಇಳಕಲ್ಲಾಗ ಮಾರಿ ಹೆಂಗ ತೋರ್ಸ್ಲಿ?" ಎಂದು ಅಮೀನಪ್ಪ ಚಪ್ಪಲಿ ಮೆಟ್ಟಿದ. ಅಣ್ಣನಿಗೆ ಸುದ್ದಿ ಮುಟ್ಟಿದರೆ ಎಷ್ಟು ನಗುತ್ತಾನೆಂಬುದನ್ನು ನೆನೆಸಿಕೊಂಡೇ ಕಾಲೇಜಿನ ದಾರಿ ಹಿಡಿದ.

ಪ್ರಿನ್ಸಿಪಾಲರ ಎದುರು ಸಂಗಯ್ಯ ತನ್ನ ಜಾಣತನವನ್ನು ತಾನೇ ಹೊಗಳಿಕೊಂಡ. "ನನ್ನ ಕಡಿಂದ ಏನೂ ತಪ್ಪಿಲ್ರಿ. ಪಾಳಿ ದಿನ ಮುಂಜಾನೆ ಎದ್ದು ಒಂದೊಂದು ಬಾಟ್ಲಿ ಹತ್ತು ಮಿನಿಟು ಗಸಗಸ ಅಲುಗಾಡಿಸೇನಿ, ಎಲ್ಲಾ ಸಮ ಕೂಡ್ಲಿ ಅಂತ. ನನ್ನ ಪಾಳಿ ಬಂದಾಗ ಸಂಜಿ ಆಗಿತ್ತು."

ಅಮೀನಪ್ಪ ತಲೆಯೆತ್ತಿದ. "ಅಲುಗಾಡಿಸಿದ್ರ್ಯಾ? ಔಷಧದ ಬಾಟ್ಲಿ ಏನ್ರಿ ಅದು? ರೇಷ್ಮಿ ನೀರು ಅಲುಗಿದ್ರ ಹೆಪ್ಪ ಆಗ್ತದ್ರಿ."

"ಲೇ, ಪ್ರೋಟೀನ್ ಅಂದ್ರೇನಂತ ನೀ ನನಗ ಕಲಸ್ತಿ?"

ಇಳಕಲ್ಲಿನ ಬಣ್ಣದ ಮನೆಗಳಲ್ಲಿ ಒಂದು ರೂಢಿಯಿದೆ. ನೇಕಾರನಿಗೆ ರೇಷ್ಮೆ ಕೊಡುವಾಗ ಅದೇ ಕೊಪ್ಪರಿಗೆಯ ಒಂದು ಎಳೆಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಾಳೆ ಅವನು ಬಣ್ಣ ಕೆಟ್ಟಿತೆಂದು ಬಾಯಿ ಮಾಡಿದರೆ ಮುಖಕ್ಕೆ ಹಿಡಿಯುವುದಕ್ಕೆ. ಅಮೀನಪ್ಪ ಊರು ಬಿಟ್ಟರೂ ರೂಢಿ ಬಿಟ್ಟಿರಲಿಲ್ಲ. ಪ್ರಯೋಗಶಾಲೆಯ ಫ್ರಿಜ್ಜಿನಿಂದ ಐದನೇ ಬಾಟಲಿ ತಂದು ಮೇಜಿನ ಮೇಲೆ ಇಟ್ಟ. ಕಿಟಕಿಯಾಚೆಯ ಆಲದ ಮರವೂ ಅದರ ಮೂಲಕ ಕಾಣುವಷ್ಟು ತಿಳಿಯಾಗಿತ್ತು.

ಪ್ರಿನ್ಸಿಪಾಲರ ಕಣ್ಣೆದುರೇ ಅರ್ಧವನ್ನು ಇನ್ನೊಂದು ಬಾಟಲಿಗೆ ಮೆಲ್ಲಗೆ ಸುರಿದ. ಅದನ್ನು ಗಡಿಯಾರ ನೋಡಿ ಕಾಲು ಗಂಟೆ ಅಲುಗಾಡಿಸಿದ. ಎರಡನ್ನೂ ಬೀರುವಿನಲ್ಲಿಟ್ಟು ಪ್ರಿನ್ಸಿಪಾಲರೇ ಕೀಲಿ ಹಾಕಿದರು. ನಾಲ್ಕು ತಾಸು ಬಿಟ್ಟು, ಮಧ್ಯಾಹ್ನ ಮೂರು ಗಂಟೆಗೆ ತೆಗೆದು ನೋಡಿದರೆ, ಅಲುಗಾಡಿಸಿದ್ದು ಮೊಸರಿನ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಬಾಟಲಿ ಬೋರಲು ಹಾಕಿದರೂ ಬೀಳಲಿಲ್ಲ. ಇನ್ನೊಂದು ಮೊದಲಿನಷ್ಟೇ ತಿಳಿಯಾಗಿತ್ತು. ಪ್ರಿನ್ಸಿಪಾಲರು ದೂರಿನ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

ಸಂಗಯ್ಯನಿಗೆ ನಾಚಿಕೆ ಎಂಬುದಿತ್ತೇ? ತಿಳಿಯಾದ ಬಾಟಲಿಯ ಕಡೆ ಕೈ ಚಾಚಿದ. "ಇದನ್ನ ಕೊಡು. ಗೆಳೆಯಗ ಕಳಸ್ತೇನಿ, ಮುಂದಿನ ವಾರ ಅವನ ಪಾಳಿ ಐತಿ. ಇದೊಂದ ಉಳದೈತಿ."

"ಮೊದಲ ತಪ್ಪಾತು ಅನ್ರಿ ಸರ್."

"ಜವಾನಗ ನಾ ತಪ್ಪಾತು ಅನ್ನಬೇಕೇನ್?"

ಅಮೀನಪ್ಪ ಬೂಚನ್ನು ಬಿಗಿಮಾಡಿದ. ಸಂಗಯ್ಯನ ಮುಖವನ್ನೇ ನೋಡುತ್ತ ಆ ಬಾಟಲಿಯನ್ನೂ ಅಲುಗಾಡಿಸತೊಡಗಿದ. ಕಾಲು ಗಂಟೆ ತುಂಬುವವರೆಗೂ ನಿಲ್ಲಿಸಲಿಲ್ಲ.