ಬಿಲ್ಲು ಏರಿದ ಬೇಸಿಗೆ

ಹಿನಕಲ್‌ನ ಸಾಲುಮನೆಗಳಲ್ಲಿ ನಮ್ಮದು ಕೊನೆಯ ಮನೆ. ಪಕ್ಕದಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ನಡುವಿನ ಗೋಡೆ ಒಂದೇ ಆದರೂ ನಮ್ಮಿಬ್ಬರ ಮಾತು ನಲ್ಲಿಯ ಹತ್ತಿರವೇ ಮುಗಿಯುತ್ತಿತ್ತು.

ಕರೆಂಟಿನ ದರ ವರ್ಷವರ್ಷವೂ ಏರುತ್ತಿತ್ತು. ಒಂದು ಬೇಸಿಗೆಯಲ್ಲಿ ಬಿಲ್ಲು ಕೈಗೆ ಬಂದಾಗ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟೆವು. ಅಕ್ಕ ಹೊಲಿಗೆ ಮಷೀನಿನ ಮೋಟಾರು ಬಿಚ್ಚಿಟ್ಟು ಮತ್ತೆ ಕಾಲಲ್ಲಿ ತುಳಿಯಲು ಶುರು ಮಾಡಿದರು. ಆ ಸಂಜೆ ನನ್ನನ್ನು ಕೂಗಿದರು.

“ಎರಡು ಮನೇಲೂ ಲೈಟು, ಫ್ಯಾನು ಯಾಕ್ ಹಾಕ್ಬೇಕು? ಮಗೂನ ಕರ್ಕೊಂಡು ಇಲ್ಲೇ ಬಂದ್ಬುಡು ಕಣಮ್ಮ.”

“ನಿಮ್ಗೆ ತೊಂದ್ರೆ ಆಗಲ್ವಾ ಅಕ್ಕ?”

“ಎಂಥ ತೊಂದ್ರೆ? ನಾಳೆ ನಾನೇ ನಿಮ್ಮನೆಗೆ ಬರ್ತೀನಿ.”

ಹೀಗೆ ಒಂದು ಸಂಜೆ ಅವರ ಮನೆ, ಒಂದು ಸಂಜೆ ನಮ್ಮ ಮನೆ ಎಂದಾಯಿತು. ಮಗಳು ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ನಾನು ಅಕ್ಕ ಹೊಲಿದ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದೆ. ನಮ್ಮೆಜಮಾನರು ಫ್ಯಾಕ್ಟರಿಯಿಂದ ಬಂದವರು ಯಾವ ಮನೆಯಲ್ಲಿ ಬೆಳಕಿದೆಯೋ ಅಲ್ಲಿಗೇ ಊಟಕ್ಕೆ ಬರುತ್ತಿದ್ದರು. ಉಳಿಯದೆ ಹೋದ ನನ್ನ ಮೊದಲ ಕೂಸಿನ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅಕ್ಕನ ಹತ್ತಿರ ಮಾತ್ರ. ಅವತ್ತು ಅವರು ಹೊಲಿಗೆ ನಿಲ್ಲಿಸಿ ನನ್ನ ಬೆನ್ನು ಸವರುತ್ತಾ ಕೂತಿದ್ದರು.

ಕೆಲವು ವರ್ಷಗಳ ಮೇಲೆ, ಇಷ್ಟು ಯೂನಿಟ್ಟಿನವರೆಗೆ ಮನೆಗಳಿಗೆ ಕರೆಂಟು ಪುಕ್ಕಟೆ ಎಂದಾಯಿತು. ಬಿಲ್ಲಿನಲ್ಲಿ ಸೊನ್ನೆ ನೋಡಿ ಇಬ್ಬರೂ ನಕ್ಕೆವು. ಅಕ್ಕನ ಮಷೀನಿಗೆ ಮತ್ತೆ ಮೋಟಾರು ಬಂತು, ನಮ್ಮ ಮನೆಯಲ್ಲಿ ಟೀವಿ ಸಂಜೆಯಿಂದಲೇ ಶುರುವಾಯಿತು. ಜಗಳವೇನೂ ಆಗಲಿಲ್ಲ. ಬರಬೇಡ ಎಂದು ಯಾರೂ ಅನ್ನಲಿಲ್ಲ. ನೆಪ ಇಲ್ಲವಾಯಿತು, ಹೋಗುವುದೂ ನಿಂತಿತು. ಗೋಡೆಯಾಚೆ ಮಷೀನು ಓಡುವುದು ಕೇಳಿಸುತ್ತಿತ್ತು. ಎದ್ದು ಹೋಗೋಣ ಅನ್ನಿಸುತ್ತಿತ್ತು, ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ.

ಆಮೇಲೆ ಅಕ್ಕ ದಟ್ಟಗಳ್ಳಿಯ ತಂಗಿ ಮನೆಗೆ ಹೋಗಿಬಿಟ್ಟರು. ಮೊನ್ನೆ ನೋಡಿಕೊಂಡು ಬರೋಣವೆಂದು ಹೋಗಿದ್ದೆ. ದೊಡ್ಡ ಮನೆ. ಕಾಫಿ ಕೊಟ್ಟರು, ಮಗಳ ಓದು ಕೇಳಿದರು. ಹೊರಟಾಗ ಗೇಟಿನ ತನಕ ಬಂದು ಕೈ ಹಿಡಿದುಕೊಂಡರು.

“ಇಲ್ಲಿ ಎಲ್ರಿಗೂ ಅವರವರ ರೂಮು ಕಣಮ್ಮ. ಸಂಜೆ ಆದ್ರೆ ನಿಮ್ಮೆಲ್ರುದೂ ನೆಪ್ಪಾಗುತ್ತೆ.”

“ನಂಗೂ ಅಂಗೇ ಅಕ್ಕ,” ಎಂದೆ. ಇನ್ನೊಂದು ಬಸ್ಸಿಗೆ ಹೋದರಾಯಿತೆಂದು ಅವರ ಜೊತೆ ತಿರುಗಿ ಒಳಗೆ ಹೋದೆ.